ಮುಖದ ಕ್ಯಾನ್ಸರ್ ಗಂಟು ತೆಗೆದ ಮೇಲೆ: ಹೊಲಿಯಬೇಕೇ, ಹಾಗೇ ಮಾಯಲು ಬಿಡಬೇಕೇ?

ಬಿಳಿ ಮೈಬಣ್ಣದವರಲ್ಲಿ ಇರುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿಲ್ಲ. ಅಪರೂಪವಾದ್ದರಿಂದಲೇ ಅದು ತಡವಾಗಿ ಗೊತ್ತಾಗುತ್ತದೆ. ಬಳ್ಳಾರಿ ಜಿಲ್ಲೆಯ ಎಮ್ಮಿಗನೂರು, ಕಂಪ್ಲಿ ಕಡೆಯ ಭತ್ತದ ಗದ್ದೆಗಳಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಮುಖವೊಡ್ಡಿದವರ ಮೂಗಿನ ಮೇಲೋ ಕಣ್ಣಿನ ಪಕ್ಕದಲ್ಲೋ ಹೊಳಪಿನ ಕಪ್ಪು ಗುಳ್ಳೆ ಎದ್ದರೆ ಮಚ್ಚೆ ಎಂದು ಸುಮ್ಮನಾಗುತ್ತೇವೆ. ಒಂದೆರಡು ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಒಸರುವ ಗಂಟು, ಹಳೆಯ ಸುಟ್ಟಗಾಯದ ಕಲೆಯ ಮೇಲೆ ಹೊಸದಾಗಿ ಎದ್ದ ಹುಣ್ಣು, ಇವನ್ನು ಚರ್ಮದ ಡಾಕ್ಟರಿಗೆ ತೋರಿಸಲೇಬೇಕು.

ಗಂಟು ತೆಗೆದ ಮೇಲೆ ಮುಖದಲ್ಲಿ ಒಂದು ಗುಳಿ ಉಳಿಯುತ್ತದೆ. 'ಹೊಲಿಯುವುದು ಬೇಡ, ತಾನೇ ಮಾಯುತ್ತದೆ' ಎಂದು ಡಾಕ್ಟರು ಹೇಳಿದಾಗ, ಬಡವರೆಂದು ಕೈಬಿಟ್ಟರೇನೋ ಎಂದು ಮನೆಯವರು ನೊಂದುಕೊಳ್ಳುವುದುಂಟು. ಹಾಗಲ್ಲ. ಸರಿಯಾದ ಜಾಗದಲ್ಲಿ ಅದೂ ಪೂರ್ಣ ಚಿಕಿತ್ಸೆಯೇ.

ಮೊದಲು ರಿಪೋರ್ಟ್ ಕೇಳಿ

ತೆಗೆದ ಮಾಂಸದ ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದು ಬಯಾಪ್ಸಿ ಹೇಳಬೇಕು. ಬೇಸಲ್ ಸೆಲ್ ಎಂಬ ಸಾಮಾನ್ಯ ಬಗೆಯ ಚರ್ಮದ ಕ್ಯಾನ್ಸರಿನಲ್ಲಿ ಗಂಟಿನ ಸುತ್ತ ಸುಮಾರು 4 ಮಿಲಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಅಂಚು ಶುದ್ಧವೆಂದು ಖಚಿತವಾಗುವ ಮೊದಲೇ ಪಕ್ಕದ ಚರ್ಮ ತಿರುಗಿಸಿ ಮುಚ್ಚಿಬಿಟ್ಟರೆ, ಉಳಿದ ಬೇರು ಅದರಡಿ ಅಡಗಿ ಬೆಳೆಯಬಹುದು. ರಿಪೋರ್ಟಿಗಾಗಿ ಕೆಲವು ದಿನ ಗಾಯವನ್ನು ಡ್ರೆಸ್ಸಿಂಗಿನಲ್ಲೇ ಇಟ್ಟರೆ ಗಾಬರಿಯಾಗಬೇಡಿ.

ಗಾಯ ಇರುವ ಜಾಗ ನೋಡಿ

ತೆರೆದ ಗಾಯದ ತಳದಲ್ಲಿ ಕೆಂಪು ಹೊಸ ಮಾಂಸ ತುಂಬುತ್ತದೆ, ಅಂಚುಗಳು ಲಾಡಿ ಎಳೆದ ಚೀಲದ ಬಾಯಿಯಂತೆ ಒಳಕ್ಕೆ ಸರಿಯುತ್ತವೆ, ಕೊನೆಗೆ ಮೇಲೆ ತೆಳುಚರ್ಮ ಹಬ್ಬುತ್ತದೆ. ಲಾಭವೂ ಅಪಾಯವೂ ಇರುವುದು ಈ ಎಳೆತದಲ್ಲೇ. ಕಣ್ಣಿನ ಒಳಮೂಲೆ, ಕಿವಿಯ ಒಳಬಟ್ಟಲು, ಮೂಗಿನ ಪಕ್ಕದ ತಗ್ಗು, ಕಣತಲೆ, ಇಂಥ ಒಳಬಾಗಿದ ಜಾಗಗಳಲ್ಲಿ ಕಲೆ ಚೆನ್ನಾಗಿ ಕೂಡುತ್ತದೆ ಎಂದು ಅಮೆರಿಕದ ಚರ್ಮವೈದ್ಯ ಜಾನ್ ಝಿಟೆಲ್ಲಿ 1983ರಲ್ಲಿ ಬರೆದರು. ವೈದ್ಯರು ಇಂದಿಗೂ ಇದನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಮೂಗಿನ ತುದಿ, ಕೆನ್ನೆಯ ಉಬ್ಬು, ಗದ್ದ, ತುಟಿಗಳಲ್ಲಿ ಆಳದ ಗಾಯವನ್ನು ಹಾಗೇ ಬಿಟ್ಟರೆ ಕಲೆ ಗುಳಿಬೀಳುತ್ತದೆ ಅಥವಾ ಉಬ್ಬುತ್ತದೆ. ಕೆಳರೆಪ್ಪೆಯ ಹತ್ತಿರವಾದರೆ ರೆಪ್ಪೆ ಕೆಳಕ್ಕೆ ಜಗ್ಗಿ ಕಣ್ಣು ಮುಚ್ಚದಂತಾಗಬಹುದು. ಅಲ್ಲಿ ಹಟ ಬೇಡ, ಆಪರೇಷನ್ನೇ ಸರಿ.

ಹೊಲಿಗೆ, ಕಸಿ, ಫ್ಲಾಪ್

ಸಣ್ಣ ಗಾಯವಾದರೆ ನೇರ ಹೊಲಿಗೆ. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರದೊಳಗೆ ಬಿಚ್ಚುತ್ತಾರೆ. ದೊಡ್ಡದಾದರೆ ಕಿವಿಯ ಹಿಂದಿನಿಂದಲೋ ಕೊರಳಿನಿಂದಲೋ ಚರ್ಮ ತಂದು ಕಸಿ ಮಾಡುತ್ತಾರೆ, ಇಲ್ಲವೇ ಪಕ್ಕದ ಚರ್ಮವನ್ನು ರಕ್ತನಾಳದ ಸಮೇತ ತಿರುಗಿಸುತ್ತಾರೆ. ಇದೇ ಫ್ಲಾಪ್. ಹಣೆಯ ಚರ್ಮದಿಂದ ಮೂಗು ಕಟ್ಟುವ ವಿದ್ಯೆ ನಮ್ಮ ದೇಶದ್ದೇ. ಟಿಪ್ಪುವಿನೊಂದಿಗಿನ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ, ಇಂಗ್ಲಿಷರ ಸೇನೆಯ ಎತ್ತು ಹೊಡೆಯುವ ಕೊವಾಸ್ಜಿಗೆ ಪುಣೆಯ ಕಡೆಯವರು ಹೀಗೆ ಮೂಗು ಕೂಡಿಸಿದ ವರದಿ 1794ರಲ್ಲಿ ಲಂಡನ್ ಪತ್ರಿಕೆಯಲ್ಲಿ ಅಚ್ಚಾಯಿತು. ಈಗಲೂ ಮೂಗಿನ ದೊಡ್ಡ ಗಾಯಕ್ಕೆ ಅದೇ ದಾರಿ. ಸುಮಾರು ಮೂರು ವಾರ ಹಣೆಯಿಂದ ಮೂಗಿಗೆ ಚರ್ಮದ ಸೇತುವೆ ಇರುತ್ತದೆ, ಆಮೇಲೆ ಕತ್ತರಿಸುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಕಸಿ ಮತ್ತು ಫ್ಲಾಪ್ ಸಾಯುವ ಅಪಾಯ ಹೆಚ್ಚು. ಸೇದುವುದನ್ನು ಮೊದಲೇ ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ತೆರೆದ ಗಾಯದ ಆರೈಕೆ

ಸಣ್ಣ ಗಾಯಕ್ಕೂ ಮೂರ್ನಾಲ್ಕು ವಾರ, ದೊಡ್ಡದಕ್ಕೆ ಎರಡು ತಿಂಗಳವರೆಗೆ ಹಿಡಿಯುತ್ತದೆ. 'ಗಾಳಿಗೆ ಬಿಡಿ, ಒಣಗಲಿ' ಎಂಬ ಮಾತು ಕೇಳಬೇಡಿ. ತೇವ ಉಳಿದ ಗಾಯ ಬೇಗ ಮಾಯುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ತೋರಿಸಿದ್ದಾರೆ. ದಿನಕ್ಕೊಮ್ಮೆ ಕೈ ತೊಳೆದು, ಕಾಯಿಸಿ ಆರಿಸಿದ ನೀರು ಮತ್ತು ಮೆದು ಸೋಪಿನಿಂದ ಗಾಯ ತೊಳೆಯಿರಿ. ಶುದ್ಧ ಬಟ್ಟೆಯಿಂದ ಒತ್ತಿ ಒರೆಸಿ, ವ್ಯಾಸಲೀನ್ ದಪ್ಪಗೆ ಹಚ್ಚಿ, ಅಂಟದ ಪಟ್ಟಿ ಕಟ್ಟಿ. ಅರಿಶಿನ, ಸುಣ್ಣ, ಕಾಫಿಪುಡಿ, ಬೂದಿ ಯಾವುದೂ ಬೇಡ. ತಳದಲ್ಲಿ ಕಾಣುವ ಹಳದಿ ಪೊರೆ ಕೀವಲ್ಲ, ಕೆರೆಯಬೇಡಿ. ರಕ್ತ ಬಂದರೆ ನಡುವೆ ತೆಗೆದು ನೋಡದೆ 15–20 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ, ನೋವು ದಿನದಿನಕ್ಕೆ ಏರಿದರೆ, ಕೆಂಪು ಹರಡಿದರೆ, ಜ್ವರ ಅಥವಾ ದುರ್ವಾಸನೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಗಾಯ ಮುಚ್ಚುವವರೆಗೆ ಗದ್ದೆಯ ಕೆಸರು, ಒಕ್ಕಣೆಯ ಧೂಳು ಮುಖಕ್ಕೆ ತಾಗಬಾರದು. ನೊಣ ಕೂರಗೊಡಬೇಡಿ. ಸಕ್ಕರೆ ಕಾಯಿಲೆಯವರು ಸಕ್ಕರೆ ಹತೋಟಿಯಲ್ಲಿಡದಿದ್ದರೆ ಯಾವ ದಾರಿ ಹಿಡಿದರೂ ಮಾಯುವುದು ನಿಧಾನ.

ಎಲ್ಲಿ ಹೋಗಬೇಕು?

ಈ ಭಾಗದವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಬಳ್ಳಾರಿಯದು, ಜನ ಈಗಲೂ ವಿಮ್ಸ್ ಎನ್ನುವುದು. ಇನ್ನೂ ದೊಡ್ಡ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್, ಆಧಾರ್ ಒಯ್ಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆಯಿರಿ.

ಮಾಯ್ದ ಮೇಲೆ ಕಲೆ ತಿಂಗಳುಗಟ್ಟಲೆ ಬಣ್ಣ ಬದಲಿಸುತ್ತಿರುತ್ತದೆ, ನಮ್ಮ ಚರ್ಮದಲ್ಲಿ ಕೆಲವೊಮ್ಮೆ ಬಿಳಿಚಾಗಿಯೇ ಉಳಿಯುತ್ತದೆ. ಬಿಸಿಲಿಗೆ ಅಗಲ ಅಂಚಿನ ಟೋಪಿ ಹಾಕಿ ಅಥವಾ ಮುಖ ಮುಚ್ಚುವಂತೆ ಟವೆಲ್ ಸುತ್ತಿ. ಒಮ್ಮೆ ಬಂದವರಿಗೆ ಮತ್ತೊಂದು ಕಡೆ ಏಳುವ ಸಾಧ್ಯತೆ ಇರುವುದರಿಂದ, ಡಾಕ್ಟರು ಹೇಳಿದ ದಿನಕ್ಕೆ ಹೋಗಿ ಮುಖ, ಕಿವಿ, ಕುತ್ತಿಗೆಯ ಗಂಟುಗಳನ್ನೆಲ್ಲ ತೋರಿಸಿಕೊಂಡು ಬನ್ನಿ.