ರೈಲಿಗೆ ಒಂದೇ ದೀಪ ಸಾಕು

ನವರಾತ್ರಿಗೆ ಗೊಂಬೆ ಕೂರಿಸುವ ಮನೆಯ ಮಕ್ಕಳಿಗೆ ಮೆಟ್ಟಿಲ ಕೆಳಗೆ ಆಟದ ರೈಲು ಓಡಿಸುವ ಆಸೆ ಇದ್ದೇ ಇರುತ್ತದೆ. ಖಂಡಿತ ಓಡಿಸಿ. ಆದರೆ ಅಂಗಡಿಯಿಂದ ತಂದ ಸೀರಿಯಲ್ ಸೆಟ್ಟನ್ನೆಲ್ಲ ಅದರ ಮೇಲೆ ಸುರಿಯಬೇಡಿ. ನಾಲ್ಕೂ ಕಡೆಯಿಂದ ಬೆಳಕು ಬಿದ್ದರೆ ನೆರಳೇ ಇರುವುದಿಲ್ಲ. ನೆರಳಿಲ್ಲದ ಗುಡ್ಡ ಬರೀ ರಟ್ಟಾಗಿಯೇ ಕಾಣುತ್ತದೆ. ಹಳದಿ ಬೆಳಕಿನ ಒಂದು ಪುಟ್ಟ ಬಲ್ಬನ್ನು ಒಂದು ಪಕ್ಕಕ್ಕೆ, ತಗ್ಗಿನಲ್ಲಿ ಇಡಿ. ಬೋಗಿಗಳ ನೆರಳು ಹೊಲದ ಮೇಲೆ ಉದ್ದಕ್ಕೆ ಜಾರುವುದನ್ನು ನೋಡಿ, ಸಂಜೆ ತಾನಾಗಿಯೇ ಬಂದಿರುತ್ತದೆ.

ಅಳತೆಯಲ್ಲೂ ಎಡವುತ್ತೇವೆ. ಎಚ್‌ಒ ಎಂಬ ಅಳತೆಯ ಆಟದ ರೈಲು ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಅಲ್ಲಿ ಆಳೆತ್ತರವೆಂದರೆ ಸುಮಾರು 2 ಸೆಂಟಿಮೀಟರ್. ಹೊಲಕ್ಕೆಂದು ತಟ್ಟೆಯಲ್ಲಿ ಬೆಳೆಸುವ ರಾಗಿ ಪೈರು ಒಂದು ಇಂಚು ಬಂದರೂ ಆ ಲೆಕ್ಕದಲ್ಲಿ ಏಳಡಿ ಮೀರುತ್ತದೆ! ರಾಗಿ ತಡವಾಗಿ ಚೆಲ್ಲಿ, ಬೆಳೆದರೆ ಕತ್ತರಿಯಲ್ಲಿ ಸವರಿ. ನೀರು ಚಿಮುಕಿಸುವಾಗ ಸ್ವಿಚ್ ಆರಿಸಿ. ವೈರಿಗೆ ತೇವ ತಾಗದಿರಲಿ.

ಹಿಂದಿನ ಪರದೆಗೆ ಕೊಡಗಿನ ಬೆಟ್ಟ ಬರೆಯುವಾಗ ಬಣ್ಣಕ್ಕೆ ಬಿಳಿ ಬೆರೆಸಿ, ಬೆಟ್ಟ ದೂರ ಸರಿಯುತ್ತದೆ.

ಆಟದ ರೈಲಿನ ಸುತ್ತ ಯಾವುದೋ ದೇಶದ ಹಿಮದ ಊರು ನಮಗೇಕೆ ಹೇಳಿ? ಕೃಷ್ಣರಾಜನಗರಕ್ಕೆ ಹೋದರೆ ರೈಲು ಸಿಗುತ್ತದೆ, ನಮ್ಮೂರು ಕೊಪ್ಪಕ್ಕೆ ಅದು ಬಂದಿಲ್ಲ. ನಿಮ್ಮ ಮನೆಯಲ್ಲಾದರೂ ಹೊಗೆಸೊಪ್ಪಿನ ಹೊಲದ ಪಕ್ಕ ಹಾದುಹೋಗಲಿ. ಸೊಪ್ಪು ಬೇಯಿಸುವ ಬ್ಯಾರನ್ ಒಂದನ್ನು ರಟ್ಟಿನಲ್ಲಿ ಎತ್ತರಕ್ಕೆ ಕಟ್ಟಿ. ಗೋಡೆಗೆ ದೀಪ ಬೇಡ, ಒಲೆಯ ಬಾಯಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ. ಸೊಪ್ಪು ಬೇಯಿಸುವ ಕಾಲದ ರಾತ್ರಿಗಳಲ್ಲಿ ನಮ್ಮ ದಾರಿಬದಿಯಲ್ಲಿ ಕಾಣುವುದೂ ಅಷ್ಟೇ.