ಇಂದಿನ ಧಮ್ಮ ಚಿಂತನೆ: ಕಾಲಂನ ಧರ್ಮ, ಬಾಬಾಸಾಹೇಬರ ಧಮ್ಮ



ಕಳೆದ ಭಾನುವಾರದ ಓದು ಮುಗಿದ ಮೇಲೆ ಬಳಗದ ಅಕ್ಕ ಒಬ್ಬರು ಕೇಳಿದರು: "ಧಮ್ಮ ಅಂದ್ರೆ ರಿಲಿಜನ್ ಅಲ್ಲ ಅಂತ ಬಾಬಾಸಾಹೇಬರೇ ಹೇಳಿದ್ದಾರೆ ಅಂತೀರಿ. ಮಗಳ ಸ್ಕೂಲ್ ಅರ್ಜಿಯಲ್ಲಿ ಧರ್ಮದ ಕಾಲಂಗೆ ಬೌದ್ಧ ಅಂತ ಬರೀರಿ ಅಂತಲೂ ಹೇಳ್ತೀರಿ. ಎರಡರಲ್ಲಿ ಯಾವುದು ಸರಿ?" ಎರಡೂ ಸರಿ ಎಂದೆ. ಅಷ್ಟು ಹೇಳಿದರೆ ಸಾಲದು, ಅದಕ್ಕೇ ಇವತ್ತಿನ ಬರಹ.

ಮೊದಲು ನಮ್ಮ ಕನ್ನಡವನ್ನೇ ನೋಡೋಣ. ರಿಲಿಜನ್ ಎನ್ನುವುದಕ್ಕೆ ನಮ್ಮಲ್ಲಿ ಮತ, ಧರ್ಮ ಎಂಬ ಎರಡು ಪದಗಳಿವೆ. ಮತ ಎಂದರೆ ಅಭಿಪ್ರಾಯ. ಚುನಾವಣೆಯಲ್ಲಿ ಹಾಕುವುದೂ ಮತವೇ. ಅಭಿಪ್ರಾಯ ಬದಲಿಸಿಕೊಳ್ಳುವುದು ಮನುಷ್ಯನ ಹಕ್ಕು. ಮತಾಂತರ ಎಂಬ ಪದವನ್ನು ಬೈಗುಳದ ಹಾಗೆ ಬಳಸುವವರು ಇದನ್ನು ಯೋಚಿಸಿದಂತಿಲ್ಲ.

ಧರ್ಮದ ಕಥೆ ಬೇರೆ. ಸುಡುವುದು ಬೆಂಕಿಯ ಧರ್ಮ ಎಂದರೆ ಅದು ಸ್ವಭಾವ. ಧರ್ಮಾಸ್ಪತ್ರೆ ಎಂದರೆ ದುಡ್ಡು ಕೇಳದ ಆಸ್ಪತ್ರೆ. "ಹೀಗೆ ಮಾಡೋದು ಧರ್ಮವೇನಪ್ಪಾ?" ಎಂದು ಅಜ್ಜಿ ಕೇಳಿದರೆ ಅವಳು ಕೇಳುತ್ತಿರುವುದು ನ್ಯಾಯ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ ಜೇಬುಗಳ್ಳನಿಗೆ ಬೀಳುವುದೂ ಧರ್ಮದೇಟು! ಈ ಯಾವ ಬಳಕೆಯಲ್ಲೂ ದೇವರಿಲ್ಲ, ಪೂಜೆಯಿಲ್ಲ. ಆದರೆ ಇದೇ ಪದಕ್ಕೆ ಇನ್ನೊಂದು ಮುಖವಿದೆ. ವರ್ಣಾಶ್ರಮ ಧರ್ಮ, ಕುಲಧರ್ಮ ಎಂದಾಗ ನಮ್ಮ ಹಿರಿಯರ ಪಾಲಿಗೆ ಬಂದದ್ದು ಏನು? ಊರಾಚೆ ಇರುವುದು, ಸತ್ತ ದನ ಎಳೆಯುವುದು, ಬಿಟ್ಟಿ ಚಾಕರಿ ಮಾಡುವುದು ನಿನ್ನ ಧರ್ಮ ಎಂಬ ಆಜ್ಞೆ. ಅಜ್ಜಿ ನ್ಯಾಯ ಕೇಳಿದ ಪದದಲ್ಲೇ ಅನ್ಯಾಯವನ್ನೂ ಹೇರಿದರು.

ಇನ್ನೊಂದು ಸೂಕ್ಷ್ಮ ನೋಡಿ. ಸೆಕ್ಯುಲರ್ ಎಂಬ ಪದಕ್ಕೆ ಕನ್ನಡದಲ್ಲಿ ಗಟ್ಟಿಯಾಗಿ ನಿಂತದ್ದು 'ಜಾತ್ಯತೀತ'. ಇಂಗ್ಲಿಷಿನವರು ರಿಲಿಜನ್ ನೆನೆಯುವ ಕಡೆ ನಮ್ಮ ನಾಲಿಗೆ ಜಾತಿಯನ್ನು ನೆನೆಯಿತು. ಹಳ್ಳಿಯಲ್ಲಿ ಹೊಸಬರು ಬಂದರೆ ಯಾವ ಧರ್ಮ ಎಂದು ಕೇಳುವವರು ಕಡಿಮೆ, "ನೀವು ಯಾವ ಜನ?" ಎನ್ನುತ್ತಾರೆ. ಕನ್ನಡ ಇಲ್ಲಿ ಸುಳ್ಳು ಹೇಳಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಬಾಬಾಸಾಹೇಬರು. ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ನಾಲ್ಕನೇ ಭಾಗ ಪೂರ್ತಿ ಈ ವಿಷಯಕ್ಕೇ ಮೀಸಲು. ರಿಲಿಜನ್ ಎಂಬ ಪದಕ್ಕೆ ಒಂದು ನಿಶ್ಚಿತ ಅರ್ಥವೇ ಇಲ್ಲ ಎಂದು ಅವರು ಶುರುಮಾಡುತ್ತಾರೆ. ಮಿಂಚು, ಮಳೆ, ಪ್ರವಾಹಗಳಿಗೆ ಹೆದರಿದ ಕಾಲದಲ್ಲಿ ಅದು ಮಾಟಮಂತ್ರವಾಗಿತ್ತು. ಆಮೇಲೆ ನಂಬಿಕೆ, ಪ್ರಾರ್ಥನೆ, ಬಲಿ ಆಯಿತು. ಕೊನೆಗೆ ದೇವರು ಮತ್ತು ಆತ್ಮ ಬಂದವು. ರಿಲಿಜನ್ ಒಬ್ಬೊಬ್ಬರ ಸ್ವಂತದ್ದು, ಧಮ್ಮ ಸಮಾಜದ್ದು ಎಂಬುದು ಅವರ ಮುಖ್ಯ ವಾದ. ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ. ಇಬ್ಬರು ಒಟ್ಟಿಗೆ ಬದುಕಬೇಕಾದಾಗ ಅದು ಬೇಕೇ ಬೇಕು.

ಇದು ಅವರು ಹೊಸದಾಗಿ ಕಟ್ಟಿದ ಅರ್ಥ ಎನ್ನುವವರಿಗೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಹತ್ತಿರದ ಬ್ರಹ್ಮಗಿರಿಯನ್ನು ತೋರಿಸಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಅಲ್ಲಿನ ಬಂಡೆಯ ಮೇಲೆ ಧಮ್ಮದ ಗುಣಗಳನ್ನು ಬರೆಸಿದ. ತಂದೆತಾಯಿಯ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಗುರುಗಳಿಗೆ ಗೌರವ, ನೆಂಟರೊಡನೆ ಸರಿಯಾದ ನಡತೆ. ಆ ಪಟ್ಟಿಯಲ್ಲಿ ಪೂಜಾವಿಧಿ ಒಂದೂ ಇಲ್ಲ. ಎಲ್ಲವೂ ಇಬ್ಬರ ನಡುವಿನ ವಿಚಾರ.

ಹಾಗಾದರೆ ಕಾಲಂನಲ್ಲಿ ಬೌದ್ಧ ಎಂದು ಯಾಕೆ ಬರೆಯಬೇಕು? ಕಾಲಂ ಕೇಳುವುದು ತತ್ವವನ್ನಲ್ಲ. ಬ್ರಿಟಿಷರ ಕಾಲದ ಜನಗಣತಿಯಿಂದ ಬಂದ ಲೆಕ್ಕದ ಮನೆ ಅದು. ಅಲ್ಲಿ ಬರೆದದ್ದರ ಮೇಲೆ ಹಕ್ಕು ನಿಂತಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ನಮ್ಮವರು 1990ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈಗ ಧರ್ಮದ ಕಾಲಂನಲ್ಲಿ ಬೌದ್ಧ, ಜಾತಿಯ ಕಾಲಂನಲ್ಲಿ ನಿಮ್ಮ ಪರಿಶಿಷ್ಟ ಜಾತಿಯ ಹೆಸರು ಎಂದು ಎರಡನ್ನೂ ಬರೆಯಬಹುದು, ಮೀಸಲಾತಿ ಹೋಗುವುದಿಲ್ಲ. ಇದು ಗೊತ್ತಿಲ್ಲದ ಗುಮಾಸ್ತರು ಇನ್ನೂ ಇದ್ದಾರೆ, ತಾಳ್ಮೆಯಿಂದ ತಿಳಿಸಿ. ಕರ್ನಾಟಕದಲ್ಲಿ ಬೌದ್ಧರೆಂದು ಬರೆಸಿದವರು 2001ರ ಗಣತಿಯಲ್ಲಿ ಸುಮಾರು 3.93 ಲಕ್ಷ ಇದ್ದರು, 2011ರಲ್ಲಿ 96 ಸಾವಿರವೂ ಇಲ್ಲ. ಮುಂದಿನ ಗಣತಿ ಹತ್ತಿರದಲ್ಲೇ ಇದೆ.

ಅಕ್ಕನ ಪ್ರಶ್ನೆಗೆ ಇದು ಅರ್ಧ ಉತ್ತರ. ಇನ್ನರ್ಧ ನಮ್ಮ ಮನೆಯೊಳಗಿದೆ. ದೇವರ ಗೂಡಿನ ಪಟ ತೆಗೆದು ಬುದ್ಧರ ಪಟ ಇಟ್ಟು, ತೆಂಗಿನಕಾಯಿ ಮಾತ್ರ ಮೊದಲಿನಂತೆಯೇ ಒಡೆದರೆ ಬದಲಾದದ್ದು ಪಟ ಮಾತ್ರ. ಅದಾದರೂ ಸಣ್ಣ ವಿಷಯ, ತೆಂಗಿನಕಾಯಿ ಯಾರನ್ನೂ ಅವಮಾನಿಸುವುದಿಲ್ಲ. ದೊಡ್ಡದು ಬೇರೆ ಇದೆ. ನಮ್ಮ ಗುಂಪುಗಳಲ್ಲಿ ಬರುವ ಮದುವೆ ಬಯೋಡೇಟಾಗಳನ್ನು ತೆರೆದು ನೋಡಿ. 'ಧರ್ಮ: ಬೌದ್ಧ' ಎಂದು ದಪ್ಪಕ್ಷರದಲ್ಲಿರುತ್ತದೆ, ಪಕ್ಕದ ಬ್ರಾಕೆಟ್‌ನಲ್ಲಿ ಬಲಗೈ ಅಥವಾ ಎಡಗೈ ಎಂದು ಸಣ್ಣಕ್ಷರದಲ್ಲಿರುತ್ತದೆ. ಸರ್ಕಾರದ ಅರ್ಜಿಗೆ ಜಾತಿಯ ಹೆಸರು ಬೇಕು, ಕಾರಣವೂ ಇದೆ. ಮದುವೆಯ ಬ್ರಾಕೆಟ್ ಯಾರಿಗೆ ಬೇಕು? ಇಬ್ಬರ ನಡುವೆ ಇರಬೇಕಾದದ್ದು ಧಮ್ಮ ಎಂದು ಬಾಬಾಸಾಹೇಬರು ಬರೆದ ಜಾಗದಲ್ಲೇ ನಾವು ಆ ಬ್ರಾಕೆಟ್ ಹಾಕಿದ್ದೇವೆ.

ಬರುವ ಭಾನುವಾರ ನಾಲ್ಕನೇ ಭಾಗದ ಮೊದಲ ಪುಟಗಳನ್ನು ಓದಿಕೊಂಡು ಬನ್ನಿ. ಮದುವೆಗೆ ಬಂದ ಮಕ್ಕಳಿರುವ ಮನೆಯವರು ತಪ್ಪದೇ ಬನ್ನಿ, ಮಕ್ಕಳನ್ನೂ ಕರೆತನ್ನಿ.