ಬಣ್ಣ ಬಾರದ ಶೀಷೆ

ಮುಂಗಾರಿನ ಮೊದಲ ಕೆಂಪು ನೀರು ತುಂಗಭದ್ರೆಗೆ ಇಳಿದ ರಾತ್ರಿ ಅದು. ನದಿದಂಡೆಯ ಊರೊಂದರ ನೀರು ಶುದ್ಧೀಕರಣ ಘಟಕಕ್ಕೆ ನಾನು ಆಗಷ್ಟೇ ಸೇರಿದ್ದ ಎಂಜಿನಿಯರ್. ಸಂಜೆಯವರೆಗೆ ಕ್ಲೋರಿನ್ ಕಂಟ್ರೋಲರ್‌ನ ಪರದೆ ಮೇಲೆ 0.8 ಪಿಪಿಎಂ ಎಂದು ನಿಂತಿದ್ದ ಅಂಕಿ ರಾತ್ರಿ ಹನ್ನೊಂದಕ್ಕೆ 0.5 ಆಯಿತು, ಆಮೇಲೆ 0.2. ಕಂಟ್ರೋಲರ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಪಂಪನ್ನು ಶೇ. 15ರಿಂದ ಏರಿಸುತ್ತ ಹೋಗಿ ಶೇ. 100ಕ್ಕೆ ಮುಟ್ಟಿಸಿತು. ರಾಡಿ ನೀರು ಕ್ಲೋರಿನ್ನನ್ನು ನುಂಗುತ್ತದೆ ಎಂದು ಓದಿಕೊಂಡಿದ್ದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆದರೂ ಖಾತರಿಗೆ ಇರಲೆಂದು ಸಂಪಿನ ನಲ್ಲಿಯಿಂದ ಹತ್ತು ಮಿಲಿ ನೀರು ಹಿಡಿದು ಡಿಪಿಡಿ ಮಾತ್ರೆ ಪುಡಿಮಾಡಿ ಹಾಕಿದೆ. ಕ್ಲೋರಿನ್ ಇದ್ದಷ್ಟೂ ನೀರು ಗುಲಾಬಿಯಾಗಬೇಕು. ಒಂದು ಎಳೆ ಗುಲಾಬಿ ಸುಳಿದಂತಾಗಿ ಮರುಕ್ಷಣ ಮಾಯವಾಯಿತು. ಶೀಷೆ ತಿಳಿಯಾಗಿ ಉಳಿಯಿತು. ಕಂಟ್ರೋಲರ್‌ಗೆ ಅಂಕಿ ಕೊಡುವ ಸೆನ್ಸರ್ ಹೇಳಿದ್ದನ್ನೇ ಶೀಷೆಯೂ ಹೇಳುತ್ತಿದೆ ಎಂದುಕೊಂಡೆ. ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ.

ಅಷ್ಟರಲ್ಲಿ ಶಿಫ್ಟಿನ ಹಿರಿಯ ಆಪರೇಟರ್ ಸಂಪಿನ ಕಡೆಯಿಂದ ಬಂದರು. "ಸರ್, ಮುಚ್ಚಳ ತೆಗದ್ರ ಘಾಟು ಮೂಗಿಗೆ ಹೊಡಿತೈತಿ. ನೀವು ನೋಡಿದ್ರ ಕ್ಲೋರಿನ್ ಇಲ್ಲ ಅಂತೀರಿ!"

ಅವರು ವಾದ ಮಾಡಲಿಲ್ಲ. ಅದೇ ನೀರು ಒಂದು ಪಾಲು, ಡಿಸ್ಟಿಲ್ಡ್ ವಾಟರ್ ಒಂಬತ್ತು ಪಾಲು ಬೆರೆಸಿ ಇನ್ನೊಂದು ಮಾತ್ರೆ ಹಾಕಿದರು. ಶೀಷೆ ಗಾಢ ಗುಲಾಬಿಯಾಯಿತು. ಬಣ್ಣದ ಪಟ್ಟಿಗೆ ಹಿಡಿದರೆ 1.2, ಅಂದರೆ ನಿಜ ಲೆಕ್ಕ 12 ಪಿಪಿಎಂ. ಕ್ಲೋರಿನ್ ವಿಪರೀತವಾದಾಗ ಡಿಪಿಡಿಯ ಬಣ್ಣವನ್ನು ಅದೇ ತಿಂದುಹಾಕುತ್ತದೆ; ಬಟ್ಟೆಗೆ ಬ್ಲೀಚಿಂಗ್ ಪೌಡರ್ ಬಿದ್ದಂತೆ. ಇದು ನನಗೆ ಗೊತ್ತಿರಲಿಲ್ಲ. ಓಡಿಹೋಗಿ ಹೈಪೋ ಪಂಪ್ ನಿಲ್ಲಿಸಿ, ಊರಿಗೆ ಹೋಗುವ ವಾಲ್ವ್ ಮುಚ್ಚಿದೆವು. ಬೆಳಗ್ಗೆ ನಲ್ಲಿಗೆ ನೀರು ಮೂರು ತಾಸು ತಡವಾಯಿತು, ಬೈಗುಳದ ಫೋನುಗಳು ಮಾತ್ರ ಹೊತ್ತಿಗೆ ಸರಿಯಾಗಿ ಬಂದವು.

ತಪ್ಪು ಸಿಕ್ಕಿದ್ದು ಸೆನ್ಸರ್‌ಗೆ ನೀರು ತರುವ ಸಣ್ಣ ಪೈಪಿನಲ್ಲಿ. ಅದರ ಬಾಯಿಗಿದ್ದ, ಹೆಬ್ಬೆರಳಿನಷ್ಟು ಗಾತ್ರದ ಜಾಲರಿ ಹೂಳು ಕಟ್ಟಿ ಮುಚ್ಚಿಹೋಗಿತ್ತು. ನಮ್ಮಲ್ಲಿದ್ದದ್ದು ತುದಿಯಲ್ಲಿ ತೆಳು ಪೊರೆ ಇರುವ ಸೆನ್ಸರ್. ನೀರಿನಲ್ಲಿರುವ ಹೈಪೋಕ್ಲೋರಸ್ ಆಮ್ಲ ಪೊರೆ ದಾಟಿ ಒಳಗಿನ ಎಲೆಕ್ಟ್ರೋಡ್ ಮುಟ್ಟಿದಾಗ ಸಣ್ಣ ವಿದ್ಯುತ್ ಹರಿಯುತ್ತದೆ, ಅದೇ ಪರದೆಯ ಅಂಕಿ. ಹೀಗೆ ಅಳೆಯುವಾಗ ಸೆನ್ಸರ್ ತಾನು ಅಳೆದ ಕ್ಲೋರಿನ್ನನ್ನು ಖರ್ಚು ಮಾಡಿಬಿಡುತ್ತದೆ. ಹಾಗಾಗಿ ಪೊರೆಯ ಮುಂದೆ ಹೊಸ ನೀರು ಒಂದೇ ಸಮನೆ ಹರಿಯುತ್ತಿರಬೇಕು. ನಮ್ಮದಕ್ಕೆ ಗಂಟೆಗೆ 30 ಲೀಟರ್. ಆ ರಾತ್ರಿ ಅದು ನಿಂತ ನೀರಿನ ಕ್ಲೋರಿನ್ ತಿಂದು ಮುಗಿಸಿ, ಇಲ್ಲ ಎನ್ನುತ್ತಿತ್ತು. ಕಂಟ್ರೋಲರ್ ಅದನ್ನು ನಂಬಿತು. ಕಂಟ್ರೋಲರನ್ನು ನಾನು ನಂಬಿದೆ.

ಹಾಗಾದರೆ ಈ ಯಂತ್ರಗಳೇ ಬೇಡವೇ? ಕೆನಡಾದ ಒಂಟಾರಿಯೊದ ವಾಕರ್ಟನ್ ಎಂಬ ಪುಟ್ಟ ಊರಿನ ಕಥೆ ಓದಿದವರು ಹಾಗೆನ್ನಲಾರರು. 2000ನೇ ಇಸವಿ ಮೇ ತಿಂಗಳ ಜೋರು ಮಳೆಗೆ ಅಲ್ಲಿನ ಐದನೇ ನಂಬರಿನ ಬಾವಿಗೆ ಹೊಲದ ಸಗಣಿಗೊಬ್ಬರದ ಇ-ಕೋಲಿ ಸೇರಿತು. ಬೆರೆಸುತ್ತಿದ್ದ ಕ್ಲೋರಿನ್ ಅದಕ್ಕೆ ಸಾಲಲಿಲ್ಲ. ಅಳೆಯಬೇಕಾದವರು ಎಷ್ಟೋ ದಿನ ಅಳೆಯದೆಯೇ 0.5, 0.75 ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಸುಮಾರು 2,300 ಮಂದಿ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನ್ನಿಸ್ ಓ'ಕಾನರ್, ಆ ಬಾವಿಗೆ ಕ್ಲೋರಿನ್ ಮತ್ತು ಕದಡನ್ನು ಸದಾ ಅಳೆಯುವ ಮಾನಿಟರ್‌ಗಳಿದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು ಎಂದರು. ಪೆನ್ನಿನ ಸುಳ್ಳಿಗಿಂತ ಸೆನ್ಸರ್ ವಾಸಿ. ಆದರೆ ಅದರ ಮುಂದೆ ನೀರು ಹರಿಯುತ್ತಿದೆಯೇ ಎಂದು ಯಾರಾದರೂ ನೋಡಬೇಕು.

ನಾವು ಮೊದಲು ಮಾಡಿದ ಕೆಲಸ, ಸೆನ್ಸರ್ ಕೋಶಕ್ಕೆ ಫ್ಲೋ ಸ್ವಿಚ್ ಹಾಕಿಸಿದ್ದು. ಹರಿವು ಕಡಿಮೆಯಾದರೆ ಕಂಟ್ರೋಲರ್ ಪಂಪನ್ನು ಇದ್ದಲ್ಲೇ ಹಿಡಿದು ಅಲಾರಂ ಹೊಡೆಯಬೇಕು. ಎರಡನೆಯದು, ಏನೇ ಆದರೂ ಪಂಪ್ ಶೇ. 30 ದಾಟದಂತೆ ಮಿತಿ. ಮೂರನೆಯದಕ್ಕೆ ಹೆಚ್ಚು ದಿನ ಹಿಡಿಯಿತು: ಹೈಪೋ ಪ್ರಮಾಣವನ್ನು ಮೊದಲು ನೀರಿನ ಫ್ಲೋ ಮೀಟರ್ ನಿರ್ಧರಿಸುತ್ತದೆ, ಸೆನ್ಸರ್ ಅದರ ಮೇಲೆ ಒಂದಿಷ್ಟು ಹೆಚ್ಚುಕಡಿಮೆ ಮಾಡುತ್ತದೆ, ಅಷ್ಟೇ. ಸ್ಯಾಂಪಲ್ ಪೈಪನ್ನೂ ಮೋಟು ಮಾಡಿದೆವು. ಮೊದಲು ಕ್ಲೋರಿನ್ ಬದಲಾದದ್ದು ಸೆನ್ಸರ್‌ಗೆ ತಿಳಿಯಲು ಹನ್ನೊಂದು ನಿಮಿಷ ಬೇಕಿತ್ತು. ಅಷ್ಟರಲ್ಲಿ ಕಂಟ್ರೋಲರ್ ಆತುರಕ್ಕೆ ಬಿದ್ದು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಮಾಡುತ್ತ ಉಯ್ಯಾಲೆಯಾಡುತ್ತಿತ್ತು.

ಬೇಸಿಗೆ ಇನ್ನೊಂದು ಪಾಠ ಕಲಿಸಿತು. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಹೆಚ್ಚುಕಡಿಮೆ ಅರ್ಧ ಭಾಗ ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ನದಿಯ ಪಿಎಚ್ ಏರಿದಾಗ ಡಿಪಿಡಿ ಮೊದಲಿನಷ್ಟೇ ತೋರಿಸುತ್ತಿತ್ತು, ಆ ಆಮ್ಲವನ್ನಷ್ಟೇ ಅಳೆಯುವ ಸೆನ್ಸರ್ ಇಳಿಯುತ್ತಿತ್ತು. ಪಿಎಚ್ ಅಳೆದು ಸರಿಹೊಂದಿಸಿಕೊಳ್ಳುವ ಕಂಟ್ರೋಲರ್ ಬರುವ ತನಕ ದಿನಕ್ಕೆರಡು ಸಲ ಶೀಷೆಯೇ ಗತಿ. ಭಾರತೀಯ ಮಾನಕ 10500ರ ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಕನಿಷ್ಠ 0.2 ಉಳಿದಿರಬೇಕು. ಹಾಗಾಗಿ ವಾಲ್ವ್‌ಮ್ಯಾನ್ ಕೈಗೂ ಒಂದು ಕಿಟ್ ಕೊಟ್ಟು, ಊರಿನ ಕೊನೆಯ ಓಣಿಯ ನಲ್ಲಿಯಲ್ಲೂ ಪರೀಕ್ಷೆ ಶುರುಮಾಡಿದೆವು.

ಮರುವರ್ಷ ಕೆಂಪು ನೀರು ಮತ್ತೆ ಬಂತು. ರಾತ್ರಿ ಎರಡಕ್ಕೆ ಅಲಾರಂ. ನಾನು ಪರದೆ ಕಡೆ ತಿರುಗದೆ ಟಾರ್ಚ್ ಹಿಡಿದು ಸೆನ್ಸರ್ ಕೋಶದ ಹತ್ತಿರ ಹೋದೆ. ಹರಿವು ತೋರಿಸುವ ಗಾಜಿನ ಕೊಳವೆಯೊಳಗಿನ ಪುಟ್ಟ ಬಿರಡೆ ತಳಕ್ಕೆ ಕೂತಿತ್ತು. ಹಿರಿಯ ಆಪರೇಟರ್ ಆಗಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿ ತಿಕ್ಕುತ್ತಿದ್ದರು. ಪಂಪ್ ಶೇ. 17ರಲ್ಲಿ ನಿಂತಿತ್ತು.